ಮೆಟ್ಟಿಲೋ, ನೋಟವೋ? ಆಗಸ್ಟ್ ಮಳೆಯಲ್ಲಿ ಒಂದೇ ಒಂದು ಫೋಟೋ

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು. ನಮ್ಮ ಹವ್ಯಾಸಿ ಫೋಟೋ ಬಳಗದಲ್ಲಿ ಪ್ರತಿ ತಿಂಗಳೂ ಒಂದು ವಿಷಯ ಕೊಡುತ್ತಾರೆ. ಆಗಸ್ಟ್‌ಗೆ ‘ಮೆಟ್ಟಿಲು ಅಥವಾ ನೋಟ’ ಅಂತ ಕೊಟ್ಟಿದ್ದಾರೆ, ನೋಟ ಅಂದರೆ ಕಣ್ಣಿನ ನೋಟ. ಒಬ್ಬರು ಒಂದೇ ಫೋಟೋ ಕಳಿಸಬೇಕು. 12×18 ಇಂಚಿನ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ನನ್ನ ಹತ್ತಿರ ಒಂದು ಹಳೇ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18–55 ಎಂಎಂ ಜೂಮ್ ಲೆನ್ಸ್, ಮತ್ತೆ ಸಾಧಾರಣ ಫೋನ್ ಇದೆ. ಮಡಿಕೇರಿಯ ಅಬ್ಬಿ ಜಲಪಾತಕ್ಕೆ ಇಳಿಯುವ ಮೆಟ್ಟಿಲು, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟ್ ಎಲ್ಲಾ ತೆಗೆದೆ. ಯಾವುದೂ ಪೋಸ್ಟ್‌ಕಾರ್ಡ್ ಮಟ್ಟ ದಾಟಲಿಲ್ಲ. ಮನೆಯಲ್ಲಿ ಅಜ್ಜಿಯ ಫೋಟೋ ತೆಗೆದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಂಡಿ. ಮಂಜು ಬಂದರೆ ಎಲ್ಲವೂ ಬೂದಿ ಬಣ್ಣ. ವೈಡ್ ಲೆನ್ಸ್ ತಗೊಳ್ಳಿ ಅಂತ ಒಬ್ಬರು, ಬ್ಲ್ಯಾಕ್ ಅಂಡ್ ವೈಟ್ ಮಾಡಿಬಿಡಿ ಅಂತ ಇನ್ನೊಬ್ಬರು. ತೋಟದ ಕೆಲಸದವರ ಲೈನ್‌ಮನೆ ಹತ್ತಿರ ಹೋಗಿ ಯಾರಿಗೂ ಗೊತ್ತಾಗದ ಹಾಗೆ ತೆಗೆದರೆ ಮಾತ್ರ ನಿಜವಾದ ನೋಟ ಸಿಗುತ್ತದೆ ಅಂತ ಮತ್ತೊಬ್ಬರು. ಎರಡೂ ವಿಷಯವನ್ನು ಒಂದೇ ಫೋಟೋದಲ್ಲಿ ತಂದರೆ ಜಾಸ್ತಿ ಅಂಕ ಸಿಗಬಹುದಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದ್ದ ಹಾಗೆ ಕಾಣುತ್ತದೆ. ಒಳಗೆ ಇರೋದು ಒಂದೇ. ಕಣ್ಣಿಗೆ ಅಷ್ಟು ಚೆನ್ನಾಗಿ ಕಂಡದ್ದು ಫೋಟೋದಲ್ಲಿ ಯಾಕೆ ಸಪ್ಪೆ ಆಗುತ್ತದೆ? ಮೆಟ್ಟಿಲಿಗೂ ಅಜ್ಜಿಯ ಕಣ್ಣಿಗೂ ಇದಕ್ಕೆ ಕಾರಣ ಒಂದೇ. ಬೆಳಕು ಮೇಲಿನಿಂದ ಬರುತ್ತಿದೆ, ನೀವು ನಿಂತ ಎತ್ತರ ಅದಕ್ಕೆ ಹೊಂದುತ್ತಿಲ್ಲ. ಲೆನ್ಸಿನ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ.

ಮೊದಲು ಮೆಟ್ಟಿಲು ತಗೊಳ್ಳೋಣ. ಒಂದು ಮೆಟ್ಟಿಲಿಗೆ ಎರಡು ಮುಖ. ಕಾಲಿಡುವ ಹಾಸು ಒಂದು, ನೆಟ್ಟಗೆ ನಿಂತ ಎದುರುಮುಖ ಇನ್ನೊಂದು. ಇವೆರಡರ ಮೇಲೆ ಬೀಳುವ ಬೆಳಕಿನಲ್ಲಿ ವ್ಯತ್ಯಾಸ ಇದ್ದರೆ ಮಾತ್ರ ಫೋಟೋದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ವ್ಯತ್ಯಾಸ ಇಲ್ಲದಿದ್ದರೆ ಅದು ಬರೀ ಗೆರೆ ಎಳೆದ ಇಳಿಜಾರು. ಕಣ್ಣಿಗೆ ಈ ತೊಂದರೆ ಇಲ್ಲ. ಎರಡು ಕಣ್ಣಿವೆ, ತಲೆ ಅಲುಗಾಡುತ್ತದೆ, ಆಳ ತಾನಾಗಿಯೇ ಗೊತ್ತಾಗುತ್ತದೆ. ಕ್ಯಾಮೆರಾಗೆ ಇರೋದು ಒಂದೇ ಕಣ್ಣು. ಆಳವನ್ನು ಅದಕ್ಕೆ ನೆರಳೇ ತೋರಿಸಬೇಕು.

ಈಗ ಅಬ್ಬಿಯ ವಿಷಯಕ್ಕೆ ಬನ್ನಿ. ಅಲ್ಲಿ ಕಾಫಿ ತೋಟದ ನಡುವೆ ಮೆಟ್ಟಿಲು ಕೆಳಗೆ ಇಳಿಯುತ್ತದೆ. ಹೋದವರೆಲ್ಲ ಮೇಲೆ ನಿಂತು ಕೆಳಗೆ ನೋಡುತ್ತಾ ತೆಗೆಯುತ್ತಾರೆ. ನೀವೂ ಹಾಗೇ ಮಾಡಿರುತ್ತೀರಿ. ಮೇಲಿನಿಂದ ನೋಡಿದರೆ ಕಾಣುವುದು ಹಾಸು ಮಾತ್ರ, ಎದುರುಮುಖ ಮರೆಯಾಗುತ್ತದೆ. ಮೋಡದ ದಿನ ಬೆಳಕು ಇಡೀ ಆಕಾಶದಿಂದ ಕೆಳಕ್ಕೆ ಸುರಿಯುತ್ತದೆ, ಹಾಗಾಗಿ ಎಲ್ಲಾ ಹಾಸೂ ಒಂದೇ ಹೊಳಪು. ಅಲ್ಲಿಗೆ ಕಥೆ ಮುಗಿಯಿತು. ಅದೇ ಮೆಟ್ಟಿಲಿನ ಕೆಳಗೆ ಇಳಿದು, ಜಲಪಾತಕ್ಕೆ ಬೆನ್ನು ಹಾಕಿ, ತಿರುಗಿ ಮೇಲಕ್ಕೆ ನೋಡಿ. ಹಾಸಿನ ಅಂಚು ಬೆಳ್ಳಗೆ, ಎದುರುಮುಖ ಕಪ್ಪಗೆ, ಒಂದರ ಮೇಲೊಂದು ಪಟ್ಟಿ. ಅದೇ ಜಾಗ, ಅದೇ ಮೋಡ, ಆದರೆ ಮೆಟ್ಟಿಲು ಎದ್ದು ನಿಲ್ಲುತ್ತದೆ. ಜಲಪಾತಕ್ಕೆ ಬೆನ್ನು ಹಾಕಬೇಕಲ್ಲ ಅಂತ ಮನಸ್ಸು ಒಪ್ಪುವುದಿಲ್ಲ, ಅದು ಬೇರೆ ಮಾತು.

ಬಿಸಿಲು ಬಂದರೆ ಸರಿಹೋಗುತ್ತದೆ ಅಂತ ಕಾಯುವವರಿಗೂ ಒಂದು ಮಾತು ಹೇಳಬೇಕು. ಮಡಿಕೇರಿ ಇರೋದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಗಸ್ಟ್ ಮೂರನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಏಪ್ರಿಲ್ ಕೊನೆಯಲ್ಲೂ ಹಾಗೇ. ಆ ಹೊತ್ತಿನಲ್ಲಿ ಪಕ್ಕಕ್ಕೆ ನೆರಳೇ ಬೀಳುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಂದರೆ ಬೆಳಿಗ್ಗೆ 7ರಿಂದ 9, ಇಲ್ಲವೇ ಸಂಜೆ 4ರ ಮೇಲೆ ಹೋಗಿ. ಮೆಟ್ಟಿಲಿನ ಪಕ್ಕದಿಂದ ಓರೆಯಾಗಿ ಬಿಸಿಲು ಬಿದ್ದರೆ ಕಲ್ಲಿನ ಉಳಿಗುರುತು ಕೂಡ ಕಾಣುತ್ತದೆ. ಆದರೆ ಕಕ್ಕಡ, ಅಂದರೆ ಕೊಡವರ ಜಡಿಮಳೆಯ ತಿಂಗಳು, ಮುಗಿಯುವ ಹೊತ್ತಿನಲ್ಲಿ ಕೊಡಗಿನಲ್ಲಿ ಬಿಸಿಲು ನಂಬಿ ಪ್ಲಾನ್ ಮಾಡುವವರು ಕಡಿಮೆ ಅಲ್ವಾ? ಮೋಡವನ್ನೇ ನಂಬಿ, ಕೆಳಗಿನಿಂದ ತೆಗೆಯಿರಿ.

ವೈಡ್ ಲೆನ್ಸ್ ಬೇಕು ಅನ್ನೋದು ಅರ್ಧ ಸುಳ್ಳು. ವೈಡ್ ಲೆನ್ಸು ಹತ್ತಿರದ ಮೆಟ್ಟಿಲನ್ನು ಹಿಗ್ಗಿಸುತ್ತದೆ, ದೂರದ್ದನ್ನು ಕುಗ್ಗಿಸುತ್ತದೆ. ಮೊದಲ ಮೆಟ್ಟಿಲ ಮೇಲೆ ಹೇಳುವಂಥದ್ದು ಏನಾದರೂ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಕಳಚಿಟ್ಟ ಚಪ್ಪಲಿ, ಬಿದ್ದ ಹೂವು, ನಿಂತ ನೀರು, ಹೀಗೆ. ಏನೂ ಇಲ್ಲದಿದ್ದರೆ ಮುಂಭಾಗದಲ್ಲಿ ಸುಮ್ನೆ ಖಾಲಿ ಸಿಮೆಂಟು. ನಿಮ್ಮ ಲೆನ್ಸಿನ 55 ತುದಿ ಇದೆಯಲ್ಲ, ಅದನ್ನು ಬಳಸಿ ನೋಡಿ. ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿದರೆ ಮೆಟ್ಟಿಲುಗಳು ಒಂದಕ್ಕೊಂದು ಅಂಟಿದಂತೆ ಪೇರಿಸಿಕೊಳ್ಳುತ್ತವೆ. ಓಂಕಾರೇಶ್ವರದಲ್ಲಿ ಇದನ್ನೇ ಮಾಡಬೇಕಿತ್ತು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಆ ಗುಡಿಯ ಗುಮ್ಮಟ, ನಾಲ್ಕು ಮೂಲೆಯ ಮಿನಾರು, ಮುಂದಿನ ಕೆರೆ, ನಡುವಿನ ಮಂಟಪ ಎಲ್ಲವೂ ಕಣ್ಣು ಸೆಳೆಯುತ್ತವೆ. ಎಲ್ಲವನ್ನೂ ಹಿಡಿಯಲು ಹೋದರೆ ಅದು ಗುಡಿಯ ಫೋಟೋ ಆಗುತ್ತದೆ, ಮೆಟ್ಟಿಲಿನದ್ದಲ್ಲ. ಪೋಸ್ಟ್‌ಕಾರ್ಡ್ ಅನ್ನಿಸಿದ್ದು ಅದಕ್ಕೇ. ಕೆರೆಯ ಅಂಚಿನ ನಾಲ್ಕೇ ಮೆಟ್ಟಿಲು, ನೀರಿನಲ್ಲಿ ಮುರಿದು ಕಾಣುವ ಗುಮ್ಮಟದ ಬಿಂಬ, ಅಷ್ಟೇ ಸಾಕು. ಗುಮ್ಮಟ ನೇರವಾಗಿ ಚೌಕಟ್ಟಿನೊಳಗೆ ಬರಲೇಬೇಕು ಅಂತಿಲ್ಲ.

ರಾಜಾಸೀಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಜಾಗದ ಜೀವ ಇರೋದು ಪಶ್ಚಿಮದ ಕಣಿವೆಯಲ್ಲಿ. ಈ ವಿಷಯಕ್ಕೆ ಅದನ್ನು ಕೈಬಿಡಿ.

ಎಲ್ಲಿಗೂ ಹೋಗದೆ ನಿಮ್ಮ ಮನೆಯ ಮೆಟ್ಟಿಲನ್ನೇ ಒಮ್ಮೆ ಬಗ್ಗಿ ನೋಡಿ ಅಂತ ನನ್ನ ಸಲಹೆ. ಹಳೇ ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಅಂಗಳದಿಂದ ಕೈಯಾಲೆಗೆ (ಮುಂದಿನ ಜಗಲಿಗೆ) ಹತ್ತುವ ಕಲ್ಲಿನ ಮೆಟ್ಟಿಲು ಮಳೆಗಾಲದಲ್ಲಿ ಹೇಗಿರುತ್ತದೆ? ಎರಡೂ ಕೊನೆಯಲ್ಲಿ ಪಾಚಿ ದಪ್ಪಗೆ ಹಸಿರಾಗಿ ಬೆಳೆದಿರುತ್ತದೆ. ಕಾಲು ಬೀಳುವ ಜಾಗದಲ್ಲಿ ಮಾತ್ರ ಕಲ್ಲು ಬರಿದಾಗಿ ಕಪ್ಪಗೆ ಹೊಳೆಯುತ್ತದೆ. ಎಷ್ಟೋ ಮನೆಗಳಲ್ಲಿ ಆ ಬರಿಜಾಡು ಸರಿಯಾಗಿ ನಡುವೆ ಇರುವುದಿಲ್ಲ, ಒಂದು ಕಡೆಗೆ ವಾಲಿರುತ್ತದೆ. ಯಾಕೆಂದರೆ ಮನೆಯವರು ಅಡುಗೆಮನೆ ಕಡೆಗೋ ಕೊಟ್ಟಿಗೆ ಕಡೆಗೋ ತಿರುಗುವ ದಾರಿ ಅದು. ಕಲ್ಲು ಸವೆದು ತಟ್ಟೆಯ ಹಾಗೆ ತಗ್ಗಾಗಿದ್ದರೆ ಅಲ್ಲಿ ಮಳೆನೀರು ನಿಲ್ಲುತ್ತದೆ, ಅದರಲ್ಲಿ ಆಕಾಶ ಬಿಳಿಯಾಗಿ ಕಾಣುತ್ತದೆ. ಕ್ಯಾಮೆರಾವನ್ನು ನೆಲದಿಂದ ಒಂದಡಿ ಎತ್ತರಕ್ಕೆ ಇಳಿಸಿ ಆ ಬಿಳಿ ಚುಕ್ಕೆಯನ್ನು ಹಿಡಿಯಿರಿ. ನಾಲ್ಕು ತಲೆಮಾರಿನ ನಡಿಗೆ ಅಲ್ಲಿದೆ, ಒಬ್ಬ ಮನುಷ್ಯನನ್ನೂ ಚೌಕಟ್ಟಿಗೆ ತರದೆ. ಇಂಥದ್ದು ತೀರ್ಪುಗಾರರ ಮೇಜಿಗೆ ಬರುವುದು ಅಪರೂಪ. ಬರುವುದೆಲ್ಲ ಸುರುಳಿ ಮೆಟ್ಟಿಲು, ದೇವಸ್ಥಾನದ ಮೆಟ್ಟಿಲು ಮತ್ತು ಮೆಟ್ಟಿಲ ಮೇಲೆ ಕೂತ ಬೆಕ್ಕು. ಬೆಕ್ಕಿನ ಮೇಲೆ ನನಗೆ ದ್ವೇಷ ಇಲ್ಲ.

ಒದ್ದೆ ಕಲ್ಲಿಗೆ ಪೋಲರೈಸರ್ ಫಿಲ್ಟರ್ ಹಾಕಿ ಅಂತ ಯಾರಾದರೂ ಹೇಳಬಹುದು. ಅದು ಹೊಳಪನ್ನು ಅಳಿಸಿ ಪಾಚಿಯ ಹಸಿರನ್ನು ಗಾಢ ಮಾಡುತ್ತದೆ. ನಿಮಗೆ ಬೇಕಾದದ್ದು ಹೊಳಪೇ ಆದರೆ ಫಿಲ್ಟರ್ ಬೇಡ. ಜೊತೆಗೆ ಅದು ಒಂದರಿಂದ ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ತಿನ್ನುತ್ತದೆ, ನಮ್ಮ ಆಗಸ್ಟ್‌ನಲ್ಲಿ ಅಷ್ಟು ಬೆಳಕು ಇರುವುದೇ ಇಲ್ಲ.

ಮನುಷ್ಯರು ಬೇಕಾ ಬೇಡವಾ? ಬೇಕು ಅನ್ನಿಸಿದರೆ ಮೆಟ್ಟಿಲಿನ ಕೊನೆ ತಲುಪಿದವರನ್ನು ತೆಗೆಯಬೇಡಿ, ನಡುವೆ ಇರುವವರನ್ನು ತೆಗೆಯಿರಿ. ಕೊಡೆ ಹಿಡಿದು ಏರುವವರಾದರೆ ಒಂದು ಕಾಲು ಎತ್ತಿದ ಕ್ಷಣ. ಮಳೆಹನಿ ಹನಿಯಾಗಿಯೇ ನಿಲ್ಲಬೇಕಾದರೆ ಶಟರ್ ಸೆಕೆಂಡಿನ 1/1000 ಅಥವಾ ಅದಕ್ಕಿಂತ ವೇಗ ಬೇಕು. ಹನಿ ಗೆರೆಯಾಗಿ ಕಾಣಬೇಕಾದರೆ 1/60 ಆಸುಪಾಸು ಇಡಿ. ಹಿಂದೆ ಕಪ್ಪು ಹಿನ್ನೆಲೆ, ಅಂದರೆ ಬಾಗಿಲಿನ ಕತ್ತಲೋ ಮರದ ಕಾಂಡವೋ ಇಲ್ಲದಿದ್ದರೆ ಮಳೆ ಕಾಣುವುದೇ ಇಲ್ಲ. ಬಿಳಿ ಆಕಾಶದ ಎದುರು ಎಷ್ಟು ಜಡಿಮಳೆ ಬಂದರೂ ಫೋಟೋದಲ್ಲಿ ಒಣದಿನ.

ಮೆಟ್ಟಿಲು ಅಂದರೆ ಕಲ್ಲು, ಸಿಮೆಂಟೇ ಆಗಬೇಕಾ ಅಂತ ಸಂಘಟಕರನ್ನು ಒಮ್ಮೆ ಕೇಳಿ. ಏಣಿ ಒಪ್ಪುತ್ತಾರೆ ಅಂದರೆ ಕೊಡಗಿನವರಿಗೆ ದೊಡ್ಡ ಬಾಗಿಲು ತೆರೆಯಿತು. ಕರಿಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಒರಗಿಸುವ ಒಂಟಿ ಬಿದಿರಿನ ಏಣಿ ನೆನಪಿದೆಯಲ್ಲ? ಅದರ ಗೆಣ್ಣಿನಲ್ಲೇ ಕಾಲಿಡುವ ಗೂಟ. ಈಗ ಕೊಯ್ಲಿನ ಕಾಲ ಅಲ್ಲ, ಏಣಿ ಕೊಟ್ಟಿಗೆಯ ಗೋಡೆಗೆ ಮಲಗಿರುತ್ತದೆ. ಮಲಗಿದ ಏಣಿಯೂ ಒಂದು ಚಿತ್ರವೇ. ಅಟ್ಟಕ್ಕೆ ಹತ್ತುವ ಮರದ ಏಣಿ ಇನ್ನೂ ಒಳ್ಳೆಯದು. ಅದರ ವಿಷಯ ಮುಂದೆ ಬರುತ್ತದೆ.

ಮಂಜಿನ ಬೂದಿ ಬಣ್ಣಕ್ಕೆ ಮಂಜು ಕಾರಣ ಅಲ್ಲ. ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಎದುರಿಗಿರುವುದು ನಡುಮಟ್ಟದ ಬೂದು ಅಂತ ಅಂದುಕೊಂಡೇ ಲೆಕ್ಕ ಹಾಕುತ್ತದೆ. ಎದುರಿಗೆ ಬಿಳಿ ಮಂಜು ತುಂಬಿದ್ದರೆ ಅದನ್ನೂ ಬೂದಿಯಾಗಿಸಿಬಿಡುತ್ತದೆ. ಫೋಟೋದ ಹೊಳಪು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ +0.7ರಿಂದ +1.3ರವರೆಗೆ ಏರಿಸಿ. ಫೋನಿನಲ್ಲಿ ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಮಂಜಿನಲ್ಲಿ ಫೋಕಸ್ ತಡಕಾಡುತ್ತದೆ, ಹಾಗಾಗಿ ಹತ್ತಿರದ ಮೆಟ್ಟಿಲಿನ ಗಟ್ಟಿ ಅಂಚಿಗೆ ಫೋಕಸ್ ಮಾಡಿ. ಹತ್ತಿರ ಹೋಗೋದು ಮುಖ್ಯ. ಹತ್ತು ಹದಿನೈದು ಅಡಿಯೊಳಗಿನ ಮೆಟ್ಟಿಲು ಕಪ್ಪಾಗಿ ಗಟ್ಟಿಯಾಗಿರುತ್ತದೆ, ಮೇಲೆ ಹೋದ ಹಾಗೆ ಕರಗುತ್ತದೆ. ಮೇಲಿನ ತುದಿ ಕಾಣದೇ ಇರುವುದರಿಂದ ನೋಡುವವರ ಕಣ್ಣು ಅಲ್ಲೇ ಹುಡುಕುತ್ತಾ ನಿಲ್ಲುತ್ತದೆ. ಎರಡೂ ತುದಿ ತೋರಿಸಿದ ಮೆಟ್ಟಿಲನ್ನು ನೋಡುವವರು ಒಂದೇ ಕ್ಷಣದಲ್ಲಿ ಹತ್ತಿ ಮುಗಿಸಿಬಿಡುತ್ತಾರೆ.

ಬ್ಲ್ಯಾಕ್ ಅಂಡ್ ವೈಟ್ ಔಷಧಿ ಅಲ್ಲ. ಮಂಜು, ನೆರಳು, ಗಟ್ಟಿ ಆಕಾರ ಇದ್ದರೆ ಅದು ಚೆನ್ನ. ಆದರೆ ಜಂಬಿಟ್ಟಿಗೆಯ ಕೆಂಪು ಮತ್ತು ಪಾಚಿಯ ಹಸಿರು ಬೇರೆಬೇರೆ ಕಾಣುವುದು ಬಣ್ಣದಿಂದಲೇ, ಹೊಳಪಿನಲ್ಲಿ ಎರಡೂ ಹತ್ತಿರ ಹತ್ತಿರ. ಬಣ್ಣ ತೆಗೆದರೆ ಎರಡೂ ಒಂದೇ ಬೂದು. ಮೇಲೆ ಹೇಳಿದ ಆ ಬರಿಜಾಡು ಕೂಡ ಅರ್ಧ ಕಳೆದುಹೋಗುತ್ತದೆ.

ಇನ್ನು ಅಜ್ಜಿಯ ಕಣ್ಣು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ನಿಮ್ಮ ಒಳ್ಳೆಯ ಫೋಟೋ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತಿದೆ.

ಮೋಡದ ಬೆಳಕು ಮೇಲಿನಿಂದ ಬೀಳುತ್ತದೆ ಅಂದೆ. ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆ ಬೆಳಗುತ್ತವೆ. ಹುಬ್ಬಿನ ಕೆಳಗೆ ಬೆಳಕು ಇಳಿಯುವುದಿಲ್ಲ. ವಯಸ್ಸಾದವರ ಕಣ್ಣು ಒಳಗೆ ಹೋಗಿರುತ್ತದೆ, ಅದಕ್ಕೇ ಕಪ್ಪು ಗುಂಡಿ. ಫ್ಲ್ಯಾಶ್ ಹಾಕಿದರೆ ಗುಂಡಿ ಹೋಗುತ್ತದೆ, ಅದರ ಜೊತೆ ಅಜ್ಜಿಯೂ ಹೋಗುತ್ತಾರೆ. ಉಳಿಯೋದು ಗುರುತಿನ ಚೀಟಿಯ ಮುಖ.

ಹೀಗೆ ಮಾಡಿ. ಅಜ್ಜಿಯನ್ನು ಅಂಗಳದ ಕಡೆಯ ಕೆಳಮೆಟ್ಟಿಲಿನ ಮೇಲೆ ಕೂರಿಸಿ, ಚಾಪೆ ಹಾಕಿ, ಕಲ್ಲು ತಣ್ಣಗಿರುತ್ತದೆ. ನೀವು ಅವರ ಮುಂದೆ ಅಂಗಳದಲ್ಲಿ ಒಂದು ಸ್ಟೂಲ್ ಹಾಕಿ ಅದರ ಮೇಲೆ ನಿಲ್ಲಿ. ಅವರು ನಿಮ್ಮನ್ನು ನೋಡಲು ಮುಖ ಸ್ವಲ್ಪ ಮೇಲೆತ್ತಬೇಕು. ಅಷ್ಟೇ ಸಾಕು, ಆಕಾಶದ ಬೆಳಕು ಹುಬ್ಬಿನ ಕೆಳಗೆ ಇಳಿಯುತ್ತದೆ, ಕಣ್ಣಿನಲ್ಲಿ ಬಿಳಿ ಚುಕ್ಕೆ ಹೊಳೆಯುತ್ತದೆ. ಆ ಚುಕ್ಕೆ ಇಲ್ಲದ ಕಣ್ಣು ಎಷ್ಟೇ ಸುಂದರ ಇದ್ದರೂ ಫೋಟೋದಲ್ಲಿ ಜೀವ ಇರುವುದಿಲ್ಲ. ಮಳೆ ಇದ್ದರೆ ಅವರು ಕೈಯಾಲೆಯ ಒಳಗೆ, ಮಾಡಿನ ಅಂಚಿನಿಂದ ಎರಡಡಿ ಹಿಂದೆ, ಅಂಗಳದ ಕಡೆ ಮುಖ ಮಾಡಿ ಕೂರಲಿ. ಅಲ್ಲಿ ತಲೆಯ ಮೇಲೆ ಹೆಂಚು ಇರುವುದರಿಂದ ಬೆಳಕು ಮೇಲಿನಿಂದ ಬರುವುದಿಲ್ಲ, ಎದುರಿನಿಂದ ಬರುತ್ತದೆ. ಕಂಬಗಳ ನಡುವಿನ ಐಮರದ ಹಲಗೆ ಇದ್ದರೆ ಅದರ ಮೇಲೆ ಪಕ್ಕಕ್ಕೆ ತಿರುಗಿ ಕೂತರೆ ಅರ್ಧ ಮುಖ ಬೆಳಕು, ಅರ್ಧ ನೆರಳು. ಮಡಿಲಿನಲ್ಲಿ ಒಂದು ಬಿಳಿ ಪಂಚೆ ಮಡಚಿ ಇಟ್ಟರೆ ಅದೇ ಮುಖಕ್ಕೆ ಬೆಳಕು ಎಸೆಯುವ ರಿಫ್ಲೆಕ್ಟರ್. ಫೋಟೋದಲ್ಲಿ ಪಂಚೆ ಕಾಣದ ಹಾಗೆ ಎದೆಮಟ್ಟಕ್ಕೆ ಕತ್ತರಿಸಿದರಾಯಿತು.

ಲೆನ್ಸಿನ 55 ತುದಿಯಲ್ಲೇ ತೆಗೆಯಿರಿ. ನಿಮ್ಮ ಕ್ಯಾಮೆರಾದಲ್ಲಿ ಅದು ಫುಲ್‌ಫ್ರೇಮಿನ (ದೊಡ್ಡ ಸೆನ್ಸರ್ ಕ್ಯಾಮೆರಾದ) 85 ಎಂಎಂ ಆಸುಪಾಸಿಗೆ ಸಮ, ಮುಖಕ್ಕೆ ಹೇಳಿ ಮಾಡಿಸಿದ್ದು. ಫೋನಿನಲ್ಲಾದರೆ ಮುಖದ ಹತ್ತಿರ ಹೋಗಬೇಡಿ. ಒಂದಡಿ ದೂರದಿಂದ ತೆಗೆದರೆ ಯಾರ ಮೂಗಾದರೂ ಬದನೇಕಾಯಿಯೇ. ಐದಡಿ ಹಿಂದೆ ನಿಂತು 2ಎಕ್ಸ್ ಹಾಕಿ. ಫುಲ್‌ಫ್ರೇಮ್ ಕ್ಯಾಮೆರಾ, 85 ಎಂಎಂ ಎಫ್/1.8 ಲೆನ್ಸ್ ಇದ್ದವರನ್ನು ಕಂಡು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಫೋಕಸ್ ಆಳ ಕಡಿಮೆ; ಒಂದೂವರೆ ಮೀಟರ್ ದೂರದಲ್ಲಿ ಅದು ಸುಮಾರು 3 ಸೆಂಟಿಮೀಟರ್ ಮಾತ್ರ. ಒಂದು ಕಣ್ಣು ಸ್ಪಷ್ಟ ಆದರೆ ಇನ್ನೊಂದು ಮಸುಕು. ನಿಮ್ಮ ಎಫ್/5.6 ಲೆನ್ಸಿನಲ್ಲಿ ಎರಡೂ ಕಣ್ಣು ಸಿಗುವುದು ಸುಲಭ. ಫೋಕಸ್ ಪಾಯಿಂಟ್ ಒಂದನ್ನೇ ಆರಿಸಿ ಹತ್ತಿರದ ಕಣ್ಣಿನ ಮೇಲೆ ಇಡಿ, ಶಟರ್ 1/100ಕ್ಕಿಂತ ಕೆಳಗೆ ಹೋಗದಿರಲಿ, ಸೆನ್ಸರಿನ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ, 1600ಕ್ಕೆ ಏರಿದರೂ ಹೆದರಬೇಡಿ. ಪ್ರಿಂಟ್‌ನಲ್ಲಿ ಸ್ವಲ್ಪ ಕಾಳುಕಾಳು ಕಂಡರೆ ಯಾರೂ ಅಂಕ ಕಳೆಯುವುದಿಲ್ಲ. ಅಲುಗಿದ ಕಣ್ಣಿಗೆ ಕಳೆಯುತ್ತಾರೆ.

ನೋಟ ಬರುವುದು ಯಾವಾಗ? ಕ್ಯಾಮೆರಾ ಎತ್ತಿದ ತಕ್ಷಣ ಅಜ್ಜಿ ಸೆರಗು ಸರಿ ಮಾಡಿಕೊಂಡು ಬಿಗಿಯಾಗುತ್ತಾರೆ. ಆ ಒಂದು ಫೋಟೋ ತೆಗೆದುಬಿಡಿ, ಅದು ಅವರಿಗಾಗಿ. ನಂತರ ಕ್ಯಾಮೆರಾ ಇಳಿಸಿ ಮಾತಾಡಿ. ಮೆಣಸಿನ ರೇಟು, ತೋಟಕ್ಕೆ ಆನೆ ಬಂದದ್ದು, ಯಾರ ಮದುವೆ ನಿಂತುಹೋಯಿತು, ಏನಾದರೂ. ಮಾತು ಮುಗಿದು ಅವರು ಸುಮ್ಮನಾಗಿ ನಿಮ್ಮನ್ನೇ ನೋಡುವ ಒಂದು ಗಳಿಗೆ ಬರುತ್ತದೆ, ‘ಇನ್ನೂ ಆಗಲಿಲ್ವಾ’ ಅನ್ನುವ ಹಾಗೆ. ಅದೇ. ಮದುವೆಮನೆಗಳಲ್ಲಿ ನನಗೆ ಸಿಕ್ಕ ಒಳ್ಳೆಯ ಮುಖಗಳೆಲ್ಲ ಹೀಗೆ, ಪೋಸ್ ಮುಗಿದ ಮೇಲೆ ಸಿಕ್ಕವು.

ಇದೇ ಕಾರಣಕ್ಕೆ ಲೈನ್‌ಮನೆಯ ಸಲಹೆ ನನಗೆ ಒಪ್ಪಿಗೆಯಿಲ್ಲ. ಕದ್ದು ತೆಗೆದದ್ದು ಸಹಜ, ಕೇಳಿ ತೆಗೆದದ್ದು ಕೃತಕ ಅನ್ನೋದು ತುಂಬಾ ಓಡಾಡುವ ನಂಬಿಕೆ. ಕದ್ದು ತೆಗೆದ ಫೋಟೋದಲ್ಲಿ ಹೆಚ್ಚಾಗಿ ಸಿಗುವುದು ಅನುಮಾನದ ನೋಟ, ದೂರದಿಂದ ಎಳೆದು ಹಿಗ್ಗಿಸಿದ್ದು. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯಬಾರದು ಅನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ, ನಿಜ. ಆದರೆ ಲೈನ್‌ಮನೆ ಸಾರ್ವಜನಿಕ ಜಾಗ ಅಲ್ಲ, ಅದರ ಮೆಟ್ಟಿಲು ಅಲ್ಲಿರುವವರ ಜಗಲಿ. ಯರವರು, ಕುರುಬರು, ಅಸ್ಸಾಮಿನಿಂದ ಬಂದ ಕೆಲಸದವರು ಯಾರೇ ಇರಲಿ, ನಿಮ್ಮ ಕೈಯಾಲೆಗೆ ಯಾರಾದರೂ ಲೆನ್ಸ್ ತೂರಿಸಿದರೆ ನಿಮಗೆ ಹೇಗನ್ನಿಸುತ್ತದೋ ಅವರಿಗೂ ಹಾಗೇ. ತೋಟದ ಮಾಲೀಕರ ಒಪ್ಪಿಗೆ ಕೆಲಸದವರ ಒಪ್ಪಿಗೆ ಅಲ್ಲ ಅನ್ನುವುದೂ ನೆನಪಿರಲಿ. ಸಂಬಳ ಕೊಡುವವರ ಎದುರು ‘ಬೇಡ’ ಅನ್ನುವುದು ಸುಲಭ ಅಲ್ಲ. ಪರಿಚಯ ಇದ್ದರೆ ಅವರ ಬಿಡುವಿನ ದಿನ ಹೋಗಿ, ಎಲ್ಲಿ ತೂಗುಹಾಕುತ್ತಾರೆ ಅಂತ ಹೇಳಿ, ಒಪ್ಪಿದರೆ ತೆಗೆಯಿರಿ, ಒಂದು ಪ್ರಿಂಟ್ ಕೊಡಿ. ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಶಾಲೆಯ ಹೆಸರು ಇರುವ ಯೂನಿಫಾರ್ಮ್ ಕಾಣದಿರಲಿ. ‘ಬಡತನದ ನೋಟ’ ಅಂತ ತಲೆಬರಹ ಹಾಕಿದ ಫೋಟೋಗಳನ್ನು ನಾನು ತೀರ್ಪಿನಲ್ಲಿ ಕೆಳಕ್ಕೆ ಇಡುತ್ತೇನೆ. ಎಲ್ಲ ತೀರ್ಪುಗಾರರೂ ಹಾಗೆ ಮಾಡುವುದಿಲ್ಲ, ಒಪ್ಪುತ್ತೇನೆ.

ಪ್ರಾಣಿಗಳ ನೋಟಕ್ಕೂ ಇಲ್ಲಿ ಜಾಗ ಇದೆ, ಎಚ್ಚರಿಕೆಯ ಜೊತೆ. ನೇರವಾಗಿ ದಿಟ್ಟಿಸುವುದು ಪ್ರಾಣಿಗಳ ಲೋಕದಲ್ಲಿ ಹೆಚ್ಚಾಗಿ ಬೆದರಿಕೆ. ಮಂಗ ನಿಮ್ಮನ್ನೇ ನೋಡುತ್ತಾ ಬಾಯಿ ತೆರೆದರೆ ಅದು ನಗು ಅಲ್ಲ. ಆನೆ ಕಿವಿ ಬೀಸುತ್ತಾ ಮೇಯುತ್ತಿದ್ದರೆ ನೆಮ್ಮದಿಯಲ್ಲಿದೆ ಅಂತ. ಬೀಸುವುದು ನಿಲ್ಲಿಸಿ, ಕಿವಿ ಅಗಲಿಸಿ, ತಲೆ ಎತ್ತಿ ನಿಮ್ಮ ಕಡೆಗೇ ನಿಂತರೆ ಅದು ಕೊನೆಯ ಮಾತು ಹೇಳುತ್ತಿದೆ. ಅಂಥ ‘ನೋಟ’ಕ್ಕಾಗಿ ತೋಟದಲ್ಲಿ ಕಾಯಬೇಡಿ, ಕಾಡಿನ ದಾರಿಯಲ್ಲಿ ಗಾಡಿ ಇಳಿಯಬೇಡಿ. ಕೋಟೆಯ ಗಾರೆ ಆನೆಗಳು ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ, ಆದರೆ ಮಡಿಕೇರಿಗೆ ಬಂದವರೆಲ್ಲ ಅವನ್ನು ತೆಗೆದಾಗಿದೆ. ರಾತ್ರಿ ಬಲ್ಬಿಗೆ ಬಂದು ಗೋಡೆ ಮೇಲೆ ಕೂರುವ ಪತಂಗಗಳನ್ನು ನೋಡಿ. ಕೆಲವದರ ರೆಕ್ಕೆಯಲ್ಲಿ ಗೂಬೆಯ ಕಣ್ಣಿನಂಥ ಮಚ್ಚೆ ಇರುತ್ತದೆ. ಬೇಟೆಗಾರ ಹಕ್ಕಿಯನ್ನು ಬೆಚ್ಚಿಸಲು ಬೆಳೆಸಿಕೊಂಡ ಕಣ್ಣು ಅದು. ಬೆಳಿಗ್ಗೆ ಅದು ಅಲ್ಲೇ ಕೂತಿದ್ದರೆ ಮುಟ್ಟದೆ, ಊದದೆ ತೆಗೆಯಿರಿ. ದನ, ನಾಯಿಗೆ ಫ್ಲ್ಯಾಶ್ ಹಾಕಿದರೆ ಕಣ್ಣು ಹಸಿರಾಗಿ ಉರಿಯುತ್ತದೆ. ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಎಸೆಯುವ ಪದರ ಇರುವುದೇ ಅದಕ್ಕೆ ಕಾರಣ. ಅದನ್ನು ‘ನೋಟ’ ಅಂತ ಕಳಿಸಬೇಡಿ.

ಎರಡೂ ಒಂದೇ ಫೋಟೋದಲ್ಲಿ ಬೇಕಾ? ವಿಷಯದಲ್ಲಿ ‘ಅಥವಾ’ ಅಂತ ಇದೆ. ಎರಡು ತಂದರೆ ಎರಡು ಪಟ್ಟು ಅಂಕ ಕೊಡುವವರು ಯಾರೂ ಇಲ್ಲ. ಅಪಾಯ ಏನೆಂದರೆ ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕೋ ಗೊತ್ತಾಗದೆ ಹೋಗುವುದು. ಒಂದು ದೊರೆ, ಇನ್ನೊಂದು ಸೇವಕ ಆಗಿದ್ದರೆ ಮಾತ್ರ ಸರಿ. ಅಟ್ಟದ ಏಣಿ ಅಂದೆನಲ್ಲ, ಅಲ್ಲಿ ಇದು ಚೆನ್ನಾಗಿ ಕೂರುತ್ತದೆ. ಮಗು ಏಣಿಯ ಹಿಂದೆ ನಿಂತು ಎರಡು ಮೆಟ್ಟಿಲಿನ ಸಂದಿಯಿಂದ ಇಣುಕಲಿ, ಬಾಗಿಲಿನ ಬೆಳಕು ಮುಖಕ್ಕೆ ಬೀಳಲಿ. ಮರದ ಎರಡು ಅಡ್ಡಪಟ್ಟಿ ಮಸುಕಾಗಿ, ನಡುವೆ ಕಣ್ಣು ಸ್ಪಷ್ಟ. ಫೋನಿನ ಪೋರ್ಟ್ರೇಟ್ ಮೋಡ್ ಇಲ್ಲಿ ಆರಿಸಿಡಿ. ಅಡ್ಡಪಟ್ಟಿ ಮುಂದಿದೆಯೋ ಮುಖ ಮುಂದಿದೆಯೋ ಅಂತ ಅದಕ್ಕೆ ಗೊಂದಲ ಆಗಿ ಕೂದಲು, ಮರ ಎರಡನ್ನೂ ತಿಂದುಹಾಕುತ್ತದೆ. ಅಜ್ಜಿಯ ಫೋಟೋದಲ್ಲೂ ಮೆಟ್ಟಿಲು ಹಿಂದೆ ಎರಡು ಗೆರೆಯಾಗಿ ಬಂದರೆ ಬರಲಿ, ಬರದಿದ್ದರೂ ನಷ್ಟ ಇಲ್ಲ.

ಮಳೆಯಲ್ಲಿ ಓಡಾಡುವ ಬಗ್ಗೆ ಒಂದೆರಡು ಮಾತು. ಇರ್ಪು, ಮಲ್ಲಳ್ಳಿ, ಅಬ್ಬಿ ಯಾವ ಜಲಪಾತದ ಕಡೆಯೇ ಆಗಲಿ ಈ ತಿಂಗಳು ಮೆಟ್ಟಿಲಿಗೆ ಪಾಚಿ ಇರುತ್ತದೆ. ಇಳಿಯುವಾಗ ಕ್ಯಾಮೆರಾ ಚೀಲದಲ್ಲಿರಲಿ, ಕೈ ಕಂಬಿಯ ಮೇಲಿರಲಿ, ನಿಂತ ಮೇಲೆ ಹೊರಗೆ ತೆಗೆಯಿರಿ. ಕಂಬಿ ದಾಟಿ ಒಂದು ಹೆಜ್ಜೆ ಮುಂದೆ ಹೋದರೆ ಒಳ್ಳೆಯ ಕೋನ ಸಿಗುತ್ತದೆ ಅನ್ನಿಸುವುದು ಸುಳ್ಳು, ಅಲ್ಲಿಂದ ಮೆಟ್ಟಿಲೇ ಕಾಣುವುದಿಲ್ಲ. ತಲಕಾವೇರಿಗೆ ಹೋಗುವುದಾದರೆ ಫೋಟೋಗೆ ಎಲ್ಲಿಯವರೆಗೆ ಬಿಡುತ್ತಾರೆ ಅಂತ ಮೊದಲೇ ಕೇಳಿ. 2020ರ ಆಗಸ್ಟ್‌ನ ಭೂಕುಸಿತ ಕಂಡ ಬೆಟ್ಟ ಅದು, ಮಳೆಗಾಲದಲ್ಲಿ ‘ಹೋಗಬೇಡಿ’ ಅಂದ ಕಡೆ ಹೋಗಬೇಡಿ. ಪುರಾತತ್ವ ಇಲಾಖೆ ನೋಡಿಕೊಳ್ಳುವ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕಾಗುತ್ತದೆ.

ಕ್ಯಾಮೆರಾ ಅಕ್ಕಿ ಡಬ್ಬದಲ್ಲಿ ಇಟ್ಟರೆ ತೇವ ಹೋಗುತ್ತದೆ ಅನ್ನುವುದನ್ನು ಮರೆತುಬಿಡಿ. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಸೇರುತ್ತದೆ, ತೇವವನ್ನು ಅಕ್ಕಿ ಅಷ್ಟಾಗಿ ಹೀರುವುದೂ ಇಲ್ಲ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಾಕು. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ನಮ್ಮ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಉಳಿದ ಲೆನ್ಸಿಗೆ ಜೇಡರಬಲೆಯಂಥ ಬೂಷ್ಟು ಗ್ಯಾರಂಟಿ. ಹೊರಗಿನ ಚಳಿಯಿಂದ ಬಂದು ನೇರ ಒಲೆಯ ಮುಂದೆ ಕ್ಯಾಮೆರಾ ತೆಗೆದರೆ ಲೆನ್ಸು ಬೆವರುತ್ತದೆ. ಅರ್ಧ ಗಂಟೆ ಚೀಲದಲ್ಲೇ ಮುಚ್ಚಿಡಿ, ಅಷ್ಟರಲ್ಲಿ ನೀವು ಕಾಫಿ ಕುಡಿಯಿರಿ, ಕಾಲಿಗೆ ಹತ್ತಿದ ಜಿಗಣೆ ಕೀಳಿರಿ.

ಕೊನೆಗೆ ಪ್ರಿಂಟ್. 12×18 ಇಂಚಿಗೆ ಪ್ರತಿ ಇಂಚಿಗೆ 200 ಚುಕ್ಕೆಯ ಲೆಕ್ಕದಲ್ಲಿ 2400×3600 ಪಿಕ್ಸೆಲ್ ಸಾಕು. 12 ಮೆಗಾಪಿಕ್ಸೆಲ್ ಫೋನಿನ ಫೈಲು 3000×4000 ಇರುತ್ತದೆ, ಹಾಗಾಗಿ ಫೋನಿನದ್ದೂ ನಡೆಯುತ್ತದೆ. ಡಿಜಿಟಲ್ ಜೂಮ್ ಮಾಡಿ ಅರ್ಧ ಕತ್ತರಿಸಿದ್ದರೆ ಮಾತ್ರ ಕಷ್ಟ. ನಿಮ್ಮ ಫೋನಿಗೆ ಪ್ರತ್ಯೇಕ ಜೂಮ್ ಲೆನ್ಸ್ ಇಲ್ಲದಿದ್ದರೆ 2ಎಕ್ಸ್ ಅಂದರೆ ಅದೇ ಕತ್ತರಿ, ಆದ್ದರಿಂದ ಅಜ್ಜಿಯದನ್ನು ಡಿಎಸ್‌ಎಲ್‌ಆರ್‌ನಲ್ಲೇ ತೆಗೆಯಿರಿ. ಸಂಘಟಕರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತದೆ, ಅಜ್ಜಿಯ ರೆಪ್ಪೆಗಳೆಲ್ಲ ಸೇರಿ ಒಂದೇ ಗೆರೆಯಾಗುತ್ತವೆ. ಪ್ರಿಂಟ್ ಹಾಕುವ ಮೊದಲು ಒಂದು ಸಣ್ಣ ಪ್ರತಿ ತೆಗೆಸಿ ನೋಡಿ, ಪರದೆಯಲ್ಲಿ ಕಂಡದ್ದಕ್ಕಿಂತ ಕಾಗದದಲ್ಲಿ ಸ್ವಲ್ಪ ಕಪ್ಪಾಗಿಯೇ ಬರುತ್ತದೆ. ಹಾಗೆ ಬಂದರೆ ಹೊಳಪನ್ನು ಒಂದು ಚೂರು ಏರಿಸಿ ಮತ್ತೆ ಕಳಿಸಿ.